ಹೀಟರ್ ಯಾಕೆ ಸಾರ್, ನಮ್ಮೂರಿಗೆ?

ನನ್ನ ಸೋದರಮಾವ ಅಮೆರಿಕ ಬಿಟ್ಟು ಊರಿಗೆ ಮರಳುವಾಗ ಹಡಗಿನಲ್ಲಿ ಒಂದು ಕಾರು ತಂದಿದ್ದರು. 1983ರ ಮರ್ಸಿಡಿಸ್ ಬೆಂಝ್ 300ಡಿ. ಎಡಗಡೆ ಸ್ಟೀರಿಂಗ್, ಐದು ಸಿಲಿಂಡರಿನ ಡೀಸೆಲ್ ಎಂಜಿನ್. ಹಳೇ ಕಾರುಗಳ ಹುಚ್ಚಿರುವವರು ಇದನ್ನು ಡಬ್ಲ್ಯು123 ಎಂಬ ಕಾರ್ಖಾನೆಯ ಸಂಕೇತದಿಂದಲೇ ಕರೆಯುತ್ತಾರೆ. 1976ರಿಂದ 1986ರವರೆಗೆ ಈ ಮಾದರಿಯ ಸುಮಾರು 27 ಲಕ್ಷ ಕಾರುಗಳು ತಯಾರಾದವು. ಮಾವ ತೀರಿಕೊಂಡ ಮೇಲೆ ಅತ್ತೆ ಬೀಗದಕೈಯನ್ನು ನನ್ನ ಕೈಗಿಟ್ಟು, ‘ಇದನ್ನು ಗುಜರಿಗೆ ಮಾತ್ರ ಹಾಕಬೇಡ ಕಣೋ’ ಅಂದರು.

ಎಂಜಿನ್ ಬಗ್ಗೆ ದೂರಿರಲಿಲ್ಲ. ತೊಂದರೆ ಇದ್ದದ್ದು ಗಾಳಿಯದು. ಏಪ್ರಿಲ್ ತಿಂಗಳ ಬೆಂಗಳೂರಿನ ಬಿಸಿಲಲ್ಲಿ ಏಸಿ ಹಾಕಿದರೆ ಡ್ಯಾಶ್‌ಬೋರ್ಡಿನ ನಡುವಿನ ಜಾಲರಿಯಿಂದ ಒಂದಿಷ್ಟು ತಂಪು ಬರುತ್ತಿತ್ತು. ಎಡಬಲದ ಜಾಲರಿಗಳಿಂದ ಮಾತ್ರ ಒಲೆಯ ಮುಂದೆ ಕೂತಂಥ ಬಿಸಿ. ಕಾಲಿನ ಬಳಿಯೂ ಅದೇ. ಏಸಿ ಅಂಗಡಿಯವರು ‘ಗ್ಯಾಸ್ ಕಮ್ಮಿಯಾಗಿದೆ’ ಎಂದು ಗ್ಯಾಸ್ ತುಂಬಿದರು. ಮುಂದಿನ ತಿಂಗಳು ಇನ್ನೊಂದು ಅಂಗಡಿ, ಮತ್ತೆ ಗ್ಯಾಸ್. ಮೂರನೆಯ ಕಡೆ ಒಬ್ಬ ಮೆಕ್ಯಾನಿಕ್ ಬಾನೆಟ್ ಎತ್ತಿ, ಎಂಜಿನ್ನಿನಿಂದ ಒಳಕ್ಕೆ ಬಿಸಿನೀರು ಒಯ್ಯುವ ರಬ್ಬರ್ ಪೈಪನ್ನು ಕತ್ತರಿಸಿ, ಅದರ ತುದಿಯನ್ನು ವಾಪಸ್ ಬರುವ ಪೈಪಿಗೆ ನೇರವಾಗಿ ಜೋಡಿಸಿ ಕ್ಲಿಪ್ ಬಿಗಿದ. ಹೀಟರಿಗೆ ನೀರೇ ಇಲ್ಲ ಎಂದಾಯಿತು. ‘ಹೀಟರ್ ಯಾಕೆ ಸಾರ್, ನಮ್ಮೂರಿಗೆ?’ ಅಂದ. ಆ ಕ್ಷಣದಲ್ಲಿ ನನಗೂ ಅದು ಸರಿಯೆನಿಸಿತು. ಕಾರು ತಣ್ಣಗಾಯಿತು, ಬೇಸಿಗೆ ಕಳೆಯಿತು.

ಜುಲೈನಲ್ಲಿ ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟೆವು. ಆಗುಂಬೆ ಘಾಟಿ ಇಳಿಯಲು ಶುರುಮಾಡಿದಾಗ ಮಧ್ಯಾಹ್ನ ಮೂರು ಗಂಟೆ, ಆದರೆ ಬೆಳಕು ಸಂಜೆ ಆರರದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಜಾಗ ಅದು. ಎರಡು ತಿರುವು ದಾಟುವಷ್ಟರಲ್ಲಿ ಮುಂದಿನ ಗಾಜು ಒಳಗಿನಿಂದ ಹಾಲು ಬಳಿದಂತೆ ಬಿಳಿಚಿಕೊಂಡಿತು. ಏಸಿ ಹಾಕಿದರೆ ಒಳಗಿನ ಮಂಜು ಸರಿಯುತ್ತಿತ್ತು, ಆದರೆ ಹಿಂದಿನ ಸೀಟಿನಲ್ಲಿದ್ದ ಅಮ್ಮ ಚಳಿಗೆ ನಡುಗುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಗಾಜೇ ತಣ್ಣಗಾಗಿ ಹೊರಮೈಗೂ ಮಂಜು ಕೂರತೊಡಗಿತು. ಏಸಿ ನಿಲ್ಲಿಸಿದರೆ ಅರ್ಧ ನಿಮಿಷಕ್ಕೆ ಒಳಗೆಲ್ಲ ಕುರುಡು. ಎದುರಿನಿಂದ ಬಸ್ಸು ಬರುತ್ತಿರುವುದು ಹಾರ್ನಿನಿಂದ ಮಾತ್ರ ತಿಳಿಯುತ್ತಿತ್ತು. ತಿರುವಿನ ಅಗಲದಲ್ಲಿ ಕಾರು ನಿಲ್ಲಿಸಿ, ಒಂದು ಟವೆಲ್ಲನ್ನು ಹೆಂಡತಿಯ ಕೈಗೆ ಕೊಟ್ಟು, ಅವಳು ಒರೆಸುತ್ತಾ ನಾನು ಓಡಿಸುತ್ತಾ ಸೋಮೇಶ್ವರ ಮುಟ್ಟಿದೆವು. ಮಾವ ತಂದ ಕಾರಿನಲ್ಲಿ ಇಂಥ ಮಳೆಗೆಂದೇ ಮಾಡಿದ ಸಲಕರಣೆ ಪೂರ್ತಿ ಇತ್ತು. ಅದನ್ನು ಕತ್ತರಿಸಲು ಒಪ್ಪಿಕೊಂಡವನು ನಾನು.

ಹೀಟರ್ ಎಂದರೆ ಬರೀ ಚಳಿ ಕಾಯಿಸಿಕೊಳ್ಳುವ ಸಾಧನ ಎಂದು ನಾವು ತಿಳಿದಿದ್ದೇವೆ. ಅದರ ಕೆಲಸ ಅಷ್ಟೇ ಅಲ್ಲ. ತಣ್ಣನೆಯ ಮಜ್ಜಿಗೆ ತುಂಬಿದ ಸ್ಟೀಲ್ ಲೋಟವನ್ನು ಮಂಗಳೂರಿನ ಸೆಕೆಯಲ್ಲಿ ಮೇಜಿನ ಮೇಲಿಟ್ಟರೆ ಅದರ ಹೊರಮೈ ಬೆವರುತ್ತದೆ. ಆ ನೀರು ಲೋಟದೊಳಗಿಂದ ಬಂದದ್ದಲ್ಲ, ಸುತ್ತಲಿನ ಗಾಳಿಯದು. ಕಾರಿನ ಏಸಿಯೊಳಗೆ ಗಾಳಿ ಹಾದುಹೋಗುವ ಕೂಲಿಂಗ್ ಕಾಯಿಲ್ ಇಂಥದೇ ಒಂದು ತಣ್ಣನೆಯ ಲೋಟ. ಗಾಳಿಯ ತೇವ ಅದರ ಮೇಲೆ ಹನಿಗಟ್ಟಿ, ಕೆಳಗಿನ ಕೊಳವೆಯಿಂದ ರಸ್ತೆಗೆ ತೊಟ್ಟಿಕ್ಕುತ್ತದೆ. ಅಲ್ಲಿಂದ ಹೊರಟ ಗಾಳಿ ಒಣಗಿರುತ್ತದೆ, ಆದರೆ ತಣ್ಣಗಿರುತ್ತದೆ. ಅದೇ ಗಾಳಿಯನ್ನು ಮುಂದೆ ಒಂದು ಬಿಸಿ ಕಾಯಿಲಿನ ಮೂಲಕ ಹಾಯಿಸಿದರೆ ಒಣಗಿದ, ಬೆಚ್ಚನೆಯ ಗಾಳಿ ಸಿಗುತ್ತದೆ. ಗಾಜಿನ ಮಂಜನ್ನು ಹೀರಿಕೊಳ್ಳಲು ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಅಂದರೆ ಮಲೆನಾಡಿನ ಮಳೆಗೆ ಏಸಿಯೊಂದೇ ಸಾಲದು, ಹೀಟರೊಂದೇ ಸಾಲದು. ಎರಡೂ ಒಟ್ಟಿಗೆ ಓಡಬೇಕು. ಏಸಿಯೂ ಹೀಟರೂ ಒಂದನ್ನೊಂದು ಹಾಳುಮಾಡುವ ಸವತಿಯರು ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಈ ಸರಳ ವಿಷಯವನ್ನು ನನಗೆ ಯಾರೂ ಹೇಳಿರಲಿಲ್ಲ.

ಹಾಗಾದರೆ ಬೇಸಿಗೆಯಲ್ಲಿ ಬಿಸಿ ಯಾಕೆ ಬರುತ್ತಿತ್ತು? ಇದಕ್ಕೆ ಉತ್ತರ ಕಾರು ಹುಟ್ಟಿದ ಊರಿನಲ್ಲಿದೆ. ಇಂದಿನ ಬಹುತೇಕ ಕಾರುಗಳಲ್ಲಿ ಹೀಟರಿನ ಚಿಕ್ಕ ರೇಡಿಯೇಟರಿಗೆ, ಅಂದರೆ ಹೀಟರ್ ಕೋರಿಗೆ, ಬಿಸಿನೀರು ಸದಾ ಹರಿಯುತ್ತಿರುತ್ತದೆ. ಒಂದು ಬಾಗಿಲು ಅಡ್ಡ ಬಂದು ಗಾಳಿಯನ್ನು ಅದರ ಮೇಲೋ ಪಕ್ಕಕ್ಕೋ ತಿರುಗಿಸುತ್ತದೆ. ನನ್ನ ಕಾರಿನಲ್ಲಿ ಹಾಗಲ್ಲ. ಅಲ್ಲಿ ಗಾಳಿಯ ದಾರಿ ಹಾಗೇ ಇರುತ್ತದೆ, ಹತೋಟಿ ಎಲ್ಲ ನೀರಿನ ಮೇಲೆ. ಬಾನೆಟ್ಟಿನ ಕೆಳಗೆ, ಹಿಂಬದಿಯ ಗೋಡೆಯ ಹತ್ತಿರ ವಿದ್ಯುತ್ತಿನಿಂದ ಓಡುವ ಒಂದು ಕವಾಟವಿದೆ. ಅದಕ್ಕೆ ಮೋನೋವಾಲ್ವ್ ಎಂದು ಹೆಸರು. ಡ್ಯಾಶ್‌ಬೋರ್ಡಿನ ಚಕ್ರದಲ್ಲಿ ನಿಮಗೆ ಬೇಕಾದ ಶಾಖ ಕೇಳಿದರೆ, ಒಳಗಿನ ಸೆನ್ಸರ್ ಗಾಳಿಯ ಶಾಖ ನೋಡುತ್ತದೆ. ಎಲೆಕ್ಟ್ರಾನಿಕ್ ಪೆಟ್ಟಿಗೆ ಆ ಕವಾಟವನ್ನು ಕೆಲವು ಸೆಕೆಂಡಿಗೊಮ್ಮೆ ತೆರೆದು ಮುಚ್ಚಿ, ಬೇಕಾದಷ್ಟೇ ಬಿಸಿನೀರನ್ನು ಒಳಗೆ ಬಿಡುತ್ತದೆ.

ಈ ಕವಾಟ ಮುಚ್ಚಿಕೊಳ್ಳಲು ಕರೆಂಟು ಬೇಕು. ಕರೆಂಟು ಇಲ್ಲದಿದ್ದರೆ ಅದು ತೆರೆದೇ ಇರುತ್ತದೆ. ಅಂದರೆ ಫ್ಯೂಸ್ ಹೋಯಿತೋ, ತಂತಿ ಕಳಚಿತೋ, ಒಳಗಿನ ರಬ್ಬರ್ ಪೊರೆ ಹರಿಯಿತೋ, ಫಲ ಒಂದೇ: ಪೂರ್ತಿ ಬಿಸಿ. ಮೊದಲ ಸಲ ಇದನ್ನು ತಿಳಿದಾಗ ಯಾರಾದರೂ ಹೀಗೆ ಉಲ್ಟಾ ಮಾಡುತ್ತಾರೆಯೇ ಎನಿಸಿತು. ಆಮೇಲೆ ಜರ್ಮನಿಯ ಜನವರಿ ರಾತ್ರಿಯನ್ನು ಊಹಿಸಿಕೊಂಡೆ. ಹೊರಗೆ ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗೆ, ಗಾಜಿನ ಮೇಲೆ ಹಿಮ. ಅಲ್ಲಿ ಹೀಟರ್ ಕೆಟ್ಟು ತಣ್ಣಗಾದರೆ ದಾರಿ ಕಾಣದೆ ಪ್ರಾಣ ಹೋಗಬಹುದು. ಕೆಟ್ಟು ಬಿಸಿಯಾದರೆ ಕಿಟಕಿ ಇಳಿಸಿದರಾಯಿತು. ಕೆಡುವುದು ಖಚಿತವಾದರೆ ಯಾವ ಕಡೆಗೆ ಕೆಡಬೇಕು ಎಂದು ಮೊದಲೇ ಯೋಚಿಸಿ ಮಾಡಿದ ಯಂತ್ರ ಇದು. ಆ ಯೋಚನೆ ತಿಳಿಯದೆ ರಿಪೇರಿಗೆ ಇಳಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಸಲ ಗ್ಯಾಸ್ ತುಂಬಿಸಿದ ನನ್ನ ಬಿಲ್ಲುಗಳೇ ಸಾಕ್ಷಿ. ಏಸಿ ತನ್ನ ಕೆಲಸ ಮಾಡುತ್ತಲೇ ಇತ್ತು. ಅದು ತಂಪು ಮಾಡಿದ ಗಾಳಿಯನ್ನು ಹೀಟರ್ ಮತ್ತೆ ಕಾಯಿಸುತ್ತಿತ್ತು.

ಆಗುಂಬೆಯಿಂದ ಮರಳಿದ ಮೇಲೆ ಬೆಂಗಳೂರಿನ ವಿಲ್ಸನ್ ಗಾರ್ಡನ್ ಕಡೆಯ ಒಬ್ಬ ಹಿರಿಯ ಆಟೊ ಎಲೆಕ್ಟ್ರಿಷಿಯನ್ ಬಳಿ ಹೋದೆ. ಎಲ್ಲರೂ ಅವರನ್ನು ಭಾಯ್ ಎಂದೇ ಕರೆಯುತ್ತಾರೆ. ಅವರು ಮೊದಲು ಮಾಡಿದ ಕೆಲಸ ಕತ್ತರಿಸಿದ ಪೈಪನ್ನು ಹೊಸ ಪೈಪಿನಿಂದ ಮೊದಲಿನಂತೆ ಜೋಡಿಸಿದ್ದು. ನೀರಿಲ್ಲದೆ ಬಿಟ್ಟ ಹೀಟರ್ ಕೋರ್ ಒಳಗೆ ಉಳಿದ ತೇವದಿಂದ ತುಕ್ಕು ಹಿಡಿಯುತ್ತದೆ, ತಡ ಮಾಡಿದ್ದರೆ ಅದೂ ಹೋಗಿರುತ್ತಿತ್ತು ಅಂದರು. ಹೀಟರ್ ಕೋರ್ ಬದಲಿಸಬೇಕೆಂದರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು. ನಲವತ್ತು ವರ್ಷದ ಪ್ಲಾಸ್ಟಿಕ್ಕನ್ನು ಬಿಚ್ಚಿ ಮುರಿಯದೆ ಮತ್ತೆ ಕೂರಿಸುವುದು ದಿನಗಳ ಕೆಲಸ.

ಆಮೇಲೆ ಎಂಜಿನ್ ಬಿಸಿಯಾಗಲು ಬಿಟ್ಟು, ಕವಾಟ ದಾಟಿ ಒಳಕ್ಕೆ ಹೋಗುವ ಪೈಪಿನ ಮೇಲೆ ಬಟ್ಟೆ ಹಿಡಿದು ಬೆರಳಿಟ್ಟರು. ಚಕ್ರ ಪೂರ್ತಿ ತಂಪಿನ ಕಡೆಗಿದ್ದರೂ ಪೈಪು ಸುಡುತ್ತಿತ್ತು. ಕವಾಟಕ್ಕೆ ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಕೊಟ್ಟರು. ಟಕ್ ಎಂಬ ಸದ್ದು ಬಂತು. ಕವಾಟದ ವಿದ್ಯುತ್ ಕಾಯಿಲ್ ಸರಿಯಾಗಿದೆ ಎಂದಾಯಿತು. ಸದ್ದು ಬಂದ ಮೇಲೂ ಪೈಪಿನ ಬಿಸಿ ಇಳಿಯಲಿಲ್ಲ. ಅಲ್ಲಿಗೆ ರೋಗ ಗೊತ್ತಾಯಿತು. ನಾಲ್ಕು ಸ್ಕ್ರೂ ಬಿಚ್ಚಿ ಒಳಗಿನ ಭಾಗವನ್ನು ಎಳೆದರೆ, ಬೆಳ್ಳಿಯ ಎಂಟಾಣೆಗಿಂತ ಸ್ವಲ್ಪ ದೊಡ್ಡದಾದ ರಬ್ಬರ್ ಪೊರೆಯಲ್ಲಿ ಉಗುರಿನುದ್ದದ ಸೀಳು. ನಾಲ್ಕು ದಶಕ ಕುದಿನೀರಿನಲ್ಲಿ ದುಡಿದ ರಬ್ಬರು ಅದು. ಒಳಗಿನ ಭಾಗ ಮಾತ್ರ ಹೊಸದಾಗಿ ಇಂದಿಗೂ ಸಿಗುತ್ತದೆ, ಇಡೀ ಕವಾಟ ಕೊಳ್ಳಬೇಕಾಗಿಲ್ಲ. ಅದನ್ನು ತರಿಸಿ ಹಾಕಿದ್ದು ಹದಿನೈದು ನಿಮಿಷದ ಕೆಲಸ. ಕೂರಿಸುವ ಮೊದಲು ಭಾಯ್ ಕವಾಟದ ಗೂಡಿನ ಸುಣ್ಣದ ಪದರವನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದರು. ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯುವ ನಮ್ಮ ಅಭ್ಯಾಸದ ಗುರುತು ಅದು. ಬಟ್ಟಿ ಇಳಿಸಿದ ನೀರು ಮತ್ತು ಕೂಲೆಂಟ್ ಹಾಕಿದ್ದರೆ ಅಷ್ಟು ಗಟ್ಟಿ ಕೂರುತ್ತಿರಲಿಲ್ಲ.

ಇದೇ ಮಾದರಿಯ ಕೆಲವು ಹಿಂದಿನ ಕಾರುಗಳಲ್ಲಿ, ಮುಖ್ಯವಾಗಿ 1981ರವರೆಗೆ ಅಮೆರಿಕಕ್ಕೆ ಹೋದ ದುಬಾರಿ ಆವೃತ್ತಿಗಳಲ್ಲಿ, ಮೋನೋವಾಲ್ವಿನ ಜಾಗದಲ್ಲಿ ಸರ್ವೊ ಎಂಬ ದೊಡ್ಡ ಪೆಟ್ಟಿಗೆ ಇರುತ್ತದೆ. ಅದರ ಮೂಲ ವಿನ್ಯಾಸ ಅಮೆರಿಕದ ಕ್ರೈಸ್ಲರ್ ಕಂಪನಿಯದು. ನೀರಿನ ಕವಾಟ, ವ್ಯಾಕ್ಯೂಮ್ ಹಂಚುವ ಚಕ್ರ, ವಿದ್ಯುತ್ ಸ್ವಿಚ್ಚು ಎಲ್ಲವೂ ಒಂದೇ ಮೈಯಲ್ಲಿ. ಆ ಮೈ ಪ್ಲಾಸ್ಟಿಕ್ಕಿನದು, ಅದರೊಳಗೇ ಎಂಜಿನ್ನಿನ ಬಿಸಿನೀರು ಹರಿಯಬೇಕು. ವಯಸ್ಸಾದಂತೆ ಬಿರುಕು ಬಿಡುತ್ತದೆ. ಅಂಥ ಕಾರಿರುವವರು ಅಲ್ಯೂಮಿನಿಯಂ ಮೈಯ ಸರ್ವೊ ಹುಡುಕಿ ಹಾಕಿಸಿಕೊಳ್ಳುವುದು ಒಳ್ಳೆಯದು. ಯೂರೋಪಿನ ಸಾದಾ ಆವೃತ್ತಿಗಳಲ್ಲಿ ಈ ಯಾವ ಗೋಜೂ ಇಲ್ಲ, ಸನ್ನೆಗಳು ಮತ್ತು ತಂತಿಗಳು ಮಾತ್ರ. ಸನ್ನೆ ಬಿಗಿಯಾಗಿದ್ದರೆ ಬಲ ಹಾಕಿ ಎಳೆಯಬಾರದು, ಪ್ಲಾಸ್ಟಿಕ್ ಹಿಡಿ ಮುರಿಯುತ್ತದೆ. ತಂತಿಯ ಹೊದಿಕೆಯೊಳಗೆ ತೆಳು ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ.

ಇನ್ನು ಗಾಳಿಯ ದಿಕ್ಕು. ಗುಂಡಿ ಒತ್ತಿದರೆ ಗಾಳಿ ಗಾಜಿಗೆ ಹೋಗಬೇಕೋ, ಮುಖಕ್ಕೋ, ಕಾಲಿಗೋ ಎಂದು ತೀರ್ಮಾನಿಸುವುದು ಒಳಗಿನ ಬಾಗಿಲುಗಳು. ಈಗಿನ ಕಾರುಗಳಲ್ಲಿ ಅವನ್ನು ಚಿಕ್ಕ ಮೋಟಾರುಗಳು ತಿರುಗಿಸುತ್ತವೆ. ಆ ಕಾಲದಲ್ಲಿ ಅದಕ್ಕೆ ವ್ಯಾಕ್ಯೂಮ್ ಬಳಸುತ್ತಿದ್ದರು. ಒಂದು ಚಿಕ್ಕ ಡಬ್ಬಿ, ನಡುವೆ ರಬ್ಬರ್ ಪೊರೆ, ಪೊರೆಗೆ ಅಂಟಿದ ಕಡ್ಡಿ. ಡಬ್ಬಿಯ ಗಾಳಿಯನ್ನು ಎಳೆದುಕೊಂಡರೆ ಕಡ್ಡಿ ಹಿಂದಕ್ಕೆ ಸರಿದು ಬಾಗಿಲು ತೆರೆಯುತ್ತದೆ. ಬಿಟ್ಟರೆ ಸ್ಪ್ರಿಂಗು ಅದನ್ನು ಮುಚ್ಚುತ್ತದೆ. ಪೆಟ್ರೋಲ್ ಎಂಜಿನ್ ತಾನು ಗಾಳಿ ಎಳೆದುಕೊಳ್ಳುವಾಗಲೇ ಥ್ರಾಟಲ್ಲಿನ ಹಿಂದೆ ವ್ಯಾಕ್ಯೂಮ್ ಹುಟ್ಟಿಸುತ್ತದೆ. ಡೀಸೆಲ್ಲಿಗೆ ಥ್ರಾಟಲ್ ಇಲ್ಲ, ಹಾಗಾಗಿ ಎಂಜಿನ್ನಿನ ಮುಂದುಗಡೆ ಇದಕ್ಕೆಂದೇ ಒಂದು ಪಂಪು ಕೂರಿಸಿದ್ದಾರೆ. ಆ ಪಂಪಿನಿಂದಲೇ ಬ್ರೇಕಿನ ಬೂಸ್ಟರ್, ನಾಲ್ಕು ಬಾಗಿಲಿನ ಸೆಂಟ್ರಲ್ ಲಾಕ್, ಗಾಳಿಯ ಬಾಗಿಲುಗಳು, ಕೊನೆಗೆ ಎಂಜಿನ್ ನಿಲ್ಲಿಸುವ ಕೆಲಸವೂ ನಡೆಯುತ್ತದೆ. ಬೀಗ ತಿರುಗಿಸಿದಾಗ ವ್ಯಾಕ್ಯೂಮ್ ಇಂಜೆಕ್ಷನ್ ಪಂಪಿಗೆ ತಲುಪಿ ಡೀಸೆಲ್ಲನ್ನು ಕಡಿಯುತ್ತದೆ, ಎಂಜಿನ್ ನಿಲ್ಲುತ್ತದೆ.

ಹೀಗಾಗಿ ಈ ಕಾರಿನಲ್ಲಿ ಒಂದು ವಿಚಿತ್ರ ಕಾಯಿಲೆ ಕಾಣಿಸಿಕೊಳ್ಳುತ್ತದೆ: ಕೀ ತೆಗೆದು ಜೇಬಿಗೆ ಹಾಕಿಕೊಂಡರೂ ಎಂಜಿನ್ ಓಡುತ್ತಲೇ ಇರುತ್ತದೆ. ನೋಡಿದವರು ಎಂಜಿನ್ನಿಗೇ ಏನೋ ಆಗಿದೆ ಎಂದು ಹೆದರುತ್ತಾರೆ. ಕಾರಣ ಎಲ್ಲೋ ಹಿಂದಿನ ಬಾಗಿಲಿನ ಲಾಕಿನಲ್ಲೋ ಡ್ಯಾಶ್‌ಬೋರ್ಡಿನ ಒಳಗಿನ ಡಬ್ಬಿಯಲ್ಲೋ ಹರಿದ ಪೊರೆಯಾಗಿರಬಹುದು. ಅಲ್ಲಿಂದ ವ್ಯಾಕ್ಯೂಮ್ ಸೋರಿದರೆ ಎಂಜಿನ್ ನಿಲ್ಲಿಸುವಷ್ಟು ಬಲ ಉಳಿಯುವುದಿಲ್ಲ. ಆಗ ಬಾನೆಟ್ ತೆಗೆದು ಇಂಜೆಕ್ಷನ್ ಪಂಪಿನ ಮೇಲಿರುವ ಸ್ಟಾಪ್ ಎಂದು ಬರೆದ ಸನ್ನೆಯನ್ನು ಒತ್ತಿದರೆ ನಿಲ್ಲುತ್ತದೆ. ವ್ಯಾಕ್ಯೂಮ್ ಇಲ್ಲದಾಗಲೂ ಗಾಳಿ ಗಾಜಿನ ಕಡೆಗೇ ಹರಿಯುತ್ತದೆ ಎಂಬುದನ್ನು ಗಮನಿಸಿ. ಇಲ್ಲಿಯೂ ಅದೇ ಯೋಚನೆ. ಎಲ್ಲ ಸೋತರೂ ಮುಂದಿನ ದಾರಿ ಕಾಣಬೇಕು.

ಸೋರುವ ಡಬ್ಬಿಯನ್ನು ಹುಡುಕಲು ಕೈಯಿಂದ ಒತ್ತುವ ವ್ಯಾಕ್ಯೂಮ್ ಪಂಪು ಸಿಗುತ್ತದೆ, ಒತ್ತಡ ತೋರಿಸುವ ಗಡಿಯಾರದಂಥ ಮುಖವೂ ಅದಕ್ಕಿರುತ್ತದೆ. ಭಾಯ್ ಬಳಿ ಅದಿರಲಿಲ್ಲ. ಅವರು ಮೆಡಿಕಲ್ ಶಾಪಿನಿಂದ ದೊಡ್ಡ ಸಿರಿಂಜು ತರಿಸಿ, ಅದಕ್ಕೆ ಅಕ್ವೇರಿಯಂನ ತೆಳು ಪೈಪು ಸಿಕ್ಕಿಸಿದರು. ಒಂದೊಂದೇ ಡಬ್ಬಿಯ ಪೈಪಿಗೆ ಅದನ್ನು ಜೋಡಿಸಿ ಹಿಡಿಯನ್ನು ಹಿಂದಕ್ಕೆ ಎಳೆದು ಹಿಡಿಯುವುದು. ಡಬ್ಬಿ ಸರಿಯಿದ್ದರೆ ಕೈಗೆ ಎಳೆತ ಉಳಿಯುತ್ತದೆ, ಹಿಡಿ ಬಿಟ್ಟರೆ ಮುಂದಕ್ಕೆ ಜಿಗಿಯುತ್ತದೆ. ಹರಿದಿದ್ದರೆ ಎಳೆತವೇ ಸಿಗುವುದಿಲ್ಲ. ಏಳು ಡಬ್ಬಿ ನೋಡಿದ ಮೇಲೆ ನಡುವಿನ ಜಾಲರಿಯ ಬಾಗಿಲಿನದೊಂದು ಸಿಕ್ಕಿಬಿತ್ತು. ಬದಲಿ ಡಬ್ಬಿ ಬರುವವರೆಗೆ ಆ ಪೈಪಿಗೆ ಒಂದು ಗಾಲ್ಫ್ ಟೀ ಸಿಕ್ಕಿಸಿ ಮುಚ್ಚಿದೆವು. ಅಂದು ಸಂಜೆ ಕೀ ತಿರುಗಿಸಿದ ಕೂಡಲೇ ಎಂಜಿನ್ ತಣ್ಣಗೆ ನಿಂತಿತು. ಏಸಿಯ ಡಬ್ಬಿ ಮುಚ್ಚಿದ್ದಕ್ಕೆ ಎಂಜಿನ್ ಮಾತು ಕೇಳಿತು ಎಂದು ಭಾಯ್ ಮಗನಿಗೆ ಹೇಳಿದರು, ಅವನು ನಂಬಲಿಲ್ಲ.

ವಿದ್ಯುತ್ತಿನ ವಿಷಯಕ್ಕೆ ಬಂದರೆ, ಅರ್ಧಕ್ಕರ್ಧ ಕಾಯಿಲೆಗಳು ಫ್ಯೂಸಿನ ಪೆಟ್ಟಿಗೆಯಲ್ಲೇ ವಾಸಿಯಾಗುತ್ತವೆ. ಆ ಕಾಲದ ಜರ್ಮನ್ ಕಾರುಗಳಲ್ಲಿ ಎರಡೂ ಕಡೆ ಚೂಪಾದ, ಪಿಂಗಾಣಿ ಮೈಯ ಉದ್ದನೆಯ ಫ್ಯೂಸುಗಳಿರುತ್ತವೆ. ಅವುಗಳ ತಗಡು ಅಲ್ಯೂಮಿನಿಯಂನದಾಗಿದ್ದರೆ ತುದಿಯಲ್ಲಿ ಬಿಳಿ ಪುಡಿ ಕಟ್ಟಿ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಫ್ಯೂಸ್ ಕಣ್ಣಿಗೆ ಗಟ್ಟಿಯಾಗಿಯೇ ಕಾಣುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಹಿಡಿಕೆಗಳನ್ನು ನುಣುಪು ಮರಳುಕಾಗದದಿಂದ ಉಜ್ಜಿ, ತಾಮ್ರದ ಫ್ಯೂಸು ಹಾಕಬೇಕು. ಕರಾವಳಿಯ ಉಪ್ಪುಗಾಳಿಯಲ್ಲಿ ಕಾರಿಟ್ಟವರು ವರ್ಷಕ್ಕೊಮ್ಮೆಯಾದರೂ ಇದನ್ನು ಮಾಡಲಿ.

ಗುಂಡಿಗಳ ಪೆಟ್ಟಿಗೆಯನ್ನು ಬಿಚ್ಚಿದಾಗ ಒಳಗಿನ ಬೋರ್ಡನ್ನು ಭೂತಗನ್ನಡಿಯಲ್ಲಿ ನೋಡಿದೆವು. ಬೆಸುಗೆಯ ಕೆಲವು ಚುಕ್ಕಿಗಳ ಸುತ್ತ ಕೂದಲೆಳೆಯ ಉಂಗುರದಂಥ ಬಿರುಕು. ಬೆಳಗ್ಗೆ ಓಡುವ ಏಸಿ ಮಧ್ಯಾಹ್ನ ಹಾಗೇ ನಿಂತುಹೋಗಿ ಸಂಜೆ ಮತ್ತೆ ಓಡುವುದಕ್ಕೆ ಇದು ಕಾರಣ. ಬಿಸಿಗೆ ಹಿಗ್ಗಿ ಬಿರುಕು ಬಾಯಿ ಬಿಡುತ್ತದೆ. ಸಣ್ಣ ಕಾವಿನ ಬೆಸುಗೆ ಕಡ್ಡಿಯಿಂದ ಅವನ್ನು ಮತ್ತೆ ಕರಗಿಸಿ ಕೂಡಿಸಿದರೆ ಸಾಕು. ಎಸ್.ಪಿ. ರಸ್ತೆಯಲ್ಲಿ ಟಿವಿ ರಿಪೇರಿ ಮಾಡುವ ಯಾರಿಗಾದರೂ ಇದು ನೀರು ಕುಡಿದಷ್ಟು ಸುಲಭ. ಆದರೆ ಬೆಸೆಯುವ ಮೊದಲು ಒಂದು ಎಚ್ಚರಿಕೆ. ಎಂಜಿನ್ ನಿಧಾನಕ್ಕೆ ಓಡುವಾಗಲೂ ಹೀಟರಿಗೆ ಬಿಸಿನೀರು ತಳ್ಳಲು ಬಾನೆಟ್ ಕೆಳಗೆ ಒಂದು ಪುಟ್ಟ ವಿದ್ಯುತ್ ಪಂಪಿದೆ. ವರ್ಷಗಟ್ಟಲೆ ಬಳಸದೆ ಅದು ಬಿಗಿದುಕೊಂಡಿದ್ದರೆ ಹೆಚ್ಚು ಕರೆಂಟು ಎಳೆದು ಇದೇ ಬೋರ್ಡನ್ನು ಸುಡುತ್ತದೆ. ಪಂಪು ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ ನೋಡದೆ ರಿಪೇರಿ ಮಾಡಿದ ಬೋರ್ಡನ್ನು ಹಾಕಿದರೆ ಎರಡನೇ ಸಲವೂ ಸುಟ್ಟೀತು. ನಾವು ಪಂಪಿನ ತಂತಿಗೆ ಬೇರೆಯಾಗಿ ಒಂದು ಚಿಕ್ಕ ಫ್ಯೂಸು ಹಾಕಿದೆವು.

ಬ್ಲೋವರ್ ಮೋಟಾರಿನದು ಇನ್ನೊಂದು ಸುಖದ ಕೆಲಸ. ಹೊಸದರ ಬೆಲೆ ಕೇಳಿ ಎದೆ ಝಲ್ಲೆಂದಿತ್ತು. ಬಿಚ್ಚಿ ನೋಡಿದರೆ ಸವೆದಿದ್ದದ್ದು ಕಾರ್ಬನ್ ಬ್ರಷ್ ಮಾತ್ರ. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಬೇರೆ ಯಾವುದೋ ಮೋಟಾರಿನ ಬ್ರಷ್ ತಂದು, ಭಾಯ್ ಅರದಿಂದ ಉಜ್ಜಿ ಉಜ್ಜಿ ಅಳತೆಗೆ ಇಳಿಸಿದರು. ಆ ಹೊತ್ತಿನಲ್ಲಿ ಅವರು ಯಾರ ಜೊತೆಯೂ ಮಾತಾಡಲಿಲ್ಲ. ಮೋಟಾರು ಮತ್ತೆ ಓಡಿದಾಗ ಜಾಲರಿಯಿಂದ ಕಪ್ಪು ಸ್ಪಂಜಿನ ಪುಡಿ ಹಾರಿ ಬಂತು. ಒಳಗಿನ ಬಾಗಿಲುಗಳಿಗೆ ಅಂಟಿಸಿದ ಸ್ಪಂಜು ವಯಸ್ಸಾಗಿ ಉದುರುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ, ಆದರೆ ಮುಂದೆ ಡ್ಯಾಶ್‌ಬೋರ್ಡ್ ಬಿಚ್ಚುವ ದಿನ ಹೊಸದಾಗಿ ಅಂಟಿಸಬೇಕು.

ಕೊನೆಗೆ ಗ್ಯಾಸು. ಎಲ್ಲರೂ ಮೊದಲು ಮುಟ್ಟುವ ಇದನ್ನು ಕೊನೆಗೆ ಮುಟ್ಟಬೇಕು ಎಂಬುದು ನಾನು ದುಡ್ಡು ತೆತ್ತು ಕಲಿತದ್ದು. ಈ ಕಾರುಗಳಿಗೆ ಮೊದಲು ತುಂಬುತ್ತಿದ್ದದ್ದು ಆರ್-12. ಅಮೆರಿಕದ ಥಾಮಸ್ ಮಿಡ್ಜ್‌ಲಿ 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯೊಂದರಲ್ಲಿ ಈ ಅನಿಲವನ್ನು ತಾನೇ ಉಸಿರಿಗೆ ಎಳೆದುಕೊಂಡು, ಅದನ್ನು ಊದಿ ಮೇಣದಬತ್ತಿ ಆರಿಸಿ, ಇದು ವಿಷವೂ ಅಲ್ಲ, ಉರಿಯುವುದೂ ಇಲ್ಲ ಎಂದು ತೋರಿಸಿದ. ಅದು ಆಕಾಶದ ಓಝೋನ್ ಪದರವನ್ನು ಕೊರೆಯುತ್ತದೆ ಎಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲ್ಯಾಂಡ್ ಹೇಳಿದ್ದು 1974ರಲ್ಲಿ. 1987ರಲ್ಲಿ ಇಂಥ ಅನಿಲಗಳ ಬಳಕೆ ತಗ್ಗಿಸುವ ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತವೂ ಸೇರಿತು. ಈಗ ಇಂಥ ಕಾರುಗಳಿಗೆ ಹಾಕುವುದು ಆರ್-134ಎ.

ಇದು ಡಬ್ಬದಿಂದ ಡಬ್ಬಕ್ಕೆ ಸುರಿಯುವ ಕೆಲಸವಲ್ಲ. ಹಳೆಯ ಕಂಪ್ರೆಸರಿನ ಖನಿಜ ತೈಲ ಹೊಸ ಗ್ಯಾಸಿನೊಂದಿಗೆ ಬೆರೆಯುವುದಿಲ್ಲ, ತೈಲ ತಿರುಗದಿದ್ದರೆ ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ. ಹಾಗಾಗಿ ಹಳೆಯದನ್ನು ತೊಳೆದು ಎಸ್ಟರ್ ತೈಲ ಹಾಕಬೇಕು. ಓ-ರಿಂಗುಗಳನ್ನೂ ಡ್ರೈಯರನ್ನೂ ಬದಲಿಸಬೇಕು. ಹೊಸ ಗ್ಯಾಸಿನ ಕಣಗಳು ಸಣ್ಣವು, ಹಳೆಯ ರಬ್ಬರ್ ಹೋಸಿನ ಮೂಲಕವೇ ಜಿನುಗುತ್ತವೆ. ತೂಕದಲ್ಲಿ ಹಳೆಯದರ ಐದರಲ್ಲಿ ನಾಲ್ಕು ಪಾಲಿನಷ್ಟು ತುಂಬಿದರೆ ಸಾಕು. ಹೆಚ್ಚು ತುಂಬಿದರೆ ಹೆಚ್ಚು ತಂಪು ಎಂಬುದು ಸುಳ್ಳು, ಒತ್ತಡ ಏರಿ ತಂಪು ಇಳಿಯುತ್ತದೆ.

ತುಂಬುವ ಮೊದಲು ವ್ಯಾಕ್ಯೂಮ್ ಮೆಷಿನ್ ಹಾಕಿ ಪೈಪುಗಳನ್ನು ಪೂರ್ತಿ ಬರಿದು ಮಾಡುತ್ತಾರಲ್ಲ, ಅದು ಗಾಳಿ ತೆಗೆಯಲು ಮಾತ್ರವಲ್ಲ. ಒತ್ತಡ ಇಳಿದಷ್ಟೂ ನೀರು ಬೇಗ ಕುದಿಯುತ್ತದೆ. ಪಾದರಸದ 24 ಮಿಲಿಮೀಟರಿಗೆ ಇಳಿದರೆ 25 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ. ಪೈಪಿನಲ್ಲಿ ಅಡಗಿದ ತೇವವನ್ನು ಹೀಗೆ ಹೊರಗೆಳೆಯಬೇಕು, ಅದಕ್ಕೆ ಮುಕ್ಕಾಲು ಗಂಟೆಯಾದರೂ ಬೇಕು. ಅವಸರದ ಅಂಗಡಿಗಳಲ್ಲಿ ಹತ್ತು ನಿಮಿಷಕ್ಕೆ ಮುಗಿಸುತ್ತಾರೆ. ಉಳಿದ ತೇವ ಎಕ್ಸ್‌ಪ್ಯಾನ್ಷನ್ ವಾಲ್ವಿನ ಸೂಜಿರಂಧ್ರದಲ್ಲಿ ಹೆಪ್ಪುಗಟ್ಟುತ್ತದೆ. ಕಾಲು ಗಂಟೆ ತಂಪು, ಆಮೇಲೆ ಇಲ್ಲ. ಕಾರು ನಿಲ್ಲಿಸಿ ಕಾಫಿ ಕುಡಿದು ಬಂದರೆ ಮತ್ತೆ ತಂಪು. ಈ ಲಕ್ಷಣ ಕಂಡರೆ ‘ಗ್ಯಾಸ್ ಕಮ್ಮಿ’ ಎಂಬ ಮಾತನ್ನು ಒಪ್ಪಬೇಡಿ, ವ್ಯಾಕ್ಯೂಮ್ ಎಷ್ಟು ಹೊತ್ತು ಹಾಕಿದಿರಿ ಎಂದು ಕೇಳಿ. ಅಡುಗೆ ಅನಿಲದ ಜಾತಿಯ ಗ್ಯಾಸು ತುಂಬಲು ಯಾರಾದರೂ ಹೇಳಿದರೆ ಆ ಅಂಗಡಿಯಿಂದ ಎದ್ದು ಬನ್ನಿ. ಅದು ಚೆನ್ನಾಗಿಯೇ ತಂಪು ಮಾಡುತ್ತದೆ. ಆದರೆ ಕೂಲಿಂಗ್ ಕಾಯಿಲ್ ಇರುವುದು ನಿಮ್ಮ ಮೊಣಕಾಲಿನ ಮುಂದೆ, ಮುಚ್ಚಿದ ಕಾರಿನೊಳಗೆ. ಒಂದು ಸೋರಿಕೆ, ಒಂದು ಕಿಡಿ ಸಾಕು.

ಈ ಹತೋಟಿಗಳ ಇತಿಹಾಸ ಓದುವಾಗ ನನಗೆ ಇಷ್ಟವಾದದ್ದು 1940ರ ಪ್ಯಾಕರ್ಡ್. ಕಾರ್ಖಾನೆಯಿಂದಲೇ ಏಸಿಯೊಡನೆ ಬಂದ ಮೊದಲ ಕಾರು ಅದು. ಕೂಲಿಂಗ್ ಕಾಯಿಲ್ ಡಿಕ್ಕಿಯ ಕಡೆಗಿತ್ತು. ಕಂಪ್ರೆಸರಿಗೆ ಕ್ಲಚ್ಚೇ ಇರಲಿಲ್ಲ, ಎಂಜಿನ್ ಓಡಿದಷ್ಟು ಹೊತ್ತೂ ಅದೂ ಓಡಬೇಕು. ಚಳಿಗಾಲದಲ್ಲಿ ಬೇಡವೆಂದರೆ ಬಾನೆಟ್ ಎತ್ತಿ ಬೆಲ್ಟ್ ಬಿಚ್ಚಿಡಬೇಕಿತ್ತು. 1954ರಲ್ಲಿ ನ್ಯಾಶ್ ಕಂಪನಿ ಹೀಟರನ್ನೂ ಏಸಿಯನ್ನೂ ಒಟ್ಟುಗೂಡಿಸಿ ಮುಂಭಾಗಕ್ಕೆ ತಂದಿತು. 1964ರ ಕ್ಯಾಡಿಲಾಕ್‌ನಲ್ಲಿ ಬೇಕಾದ ಶಾಖವನ್ನು ಒಮ್ಮೆ ಗೊತ್ತುಮಾಡಿದರೆ ಉಳಿದದ್ದನ್ನು ಕಾರೇ ನೋಡಿಕೊಳ್ಳತೊಡಗಿತು. ಬೆಲ್ಟ್ ಬಿಚ್ಚಿಡುವುದರಿಂದ ಅಲ್ಲಿಗೆ ತಲುಪಲು ಇಪ್ಪತ್ತನಾಲ್ಕು ವರ್ಷ ಹಿಡಿಯಿತು. ಹೀಟರ್ ಪೈಪು ಕತ್ತರಿಸಿ ಕ್ಲಿಪ್ ಬಿಗಿಯುವಾಗ ನಾವು ಕಾರನ್ನು ಮತ್ತೆ ಆ ಪ್ಯಾಕರ್ಡಿನ ಕಾಲಕ್ಕೆ ಒಯ್ಯುತ್ತೇವೆ. ಆ ಇಪ್ಪತ್ತನಾಲ್ಕು ವರ್ಷ ತಲೆಕೆಡಿಸಿಕೊಂಡವರ ಕೆಲಸವನ್ನು ಒಂದು ಬ್ಲೇಡಿನಿಂದ ಅಳಿಸುವುದು ನನಗೆ ಈಗ ಸಹಿಸಲಾಗದ ಸಂಗತಿ.

ಈ ವರ್ಷ ಆಗಸ್ಟಿನಲ್ಲಿ ಮತ್ತೆ ಆಗುಂಬೆ ಇಳಿದೆವು. ಮೇಲಿನ ಚೆಕ್‌ಪೋಸ್ಟ್ ದಾಟುವಾಗಲೇ ಗಾಜು ಮಸುಕಾಗತೊಡಗಿತ್ತು. ಗಾಜಿನ ಗುಂಡಿ ಒತ್ತಿ ಚಕ್ರವನ್ನು ಬಿಸಿಯ ಕಡೆಗೆ ತಿರುಗಿಸಿದೆ. ಕಂಪ್ರೆಸರ್ ಕಚ್ಚಿಕೊಂಡ ಸದ್ದು, ಕವಾಟ ಟಕ್ ಎಂದ ಸದ್ದು, ಗಾಜಿನ ಬುಡದಿಂದ ಬೆಚ್ಚನೆಯ ಗಾಳಿ. ಕೆಳಗಿನಿಂದ ಮೇಲಕ್ಕೆ ಅರ್ಧಚಂದ್ರದಂತೆ ಮಂಜು ಕರಗಿತು, ಮೊದಲು ರಸ್ತೆ, ಆಮೇಲೆ ಎದುರಿನ ತಿರುವು, ಆಮೇಲೆ ಅಲ್ಲಿ ನಮಗಾಗಿ ನಿಂತಿದ್ದ ಬಸ್ಸು ಕಂಡಿತು. ಅಮ್ಮ ಹಿಂದಿನ ಸೀಟಿನಲ್ಲಿ ಶಾಲು ಮಡಚಿ ಪಕ್ಕಕ್ಕಿಟ್ಟು, ‘ಈಗ ಸರಿ ಇದೆ ನೋಡು’ ಅಂದರು.